ಬೇಸಿಕ್ ಏರಿಸಲೇಬೇಕು ಅಂತ ಕಾನೂನು ಹೇಳಿಲ್ಲ
ಹೊಸ ವೇತನ ನಿಯಮದ ಬಗ್ಗೆ ಬಂದ ಲೇಖನವೊಂದರಲ್ಲಿ ‘ಬೇಸಿಕ್ (ಮೂಲ ವೇತನ) ಒಟ್ಟು ಸಂಬಳದ ಶೇ 50 ಇರಲೇಬೇಕು’ ಎಂದಿದೆ, ಅದು ಪೂರ್ತಿ ಸರಿಯಲ್ಲ. 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆ ಹೇಳುವುದು ಇಷ್ಟೇ: ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ), ಕನ್ವೇಯನ್ಸ್ (ಪ್ರಯಾಣ ಭತ್ಯೆ)ನಂಥ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟು ಮೊತ್ತ ‘ವೇತನ’ಕ್ಕೆ ಸೇರುತ್ತದೆ. ಒಟ್ಟು ₹40,000ದಲ್ಲಿ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 12,000, ಭತ್ಯೆ 28,000 ಅಂದುಕೊಳ್ಳಿ. ಹೆಚ್ಚುವರಿ 8,000 ಸೇರಿ ವೇತನ 20,000 ಆಯಿತು. ಪೇಸ್ಲಿಪ್ ಮುಟ್ಟದೆ ಬಿಟ್ಟರೂ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವಾವಧಿಗೆ ತಕ್ಕಂತೆ ಸಿಗುವ ಇಡಿಗಂಟು) ಲೆಕ್ಕ ಈ 20,000ದ ಮೇಲೆಯೇ.

ಕಂಪನಿಯವರು ನಿಜವಾಗಿ ಎಡವುವುದು ಬೇರೆ ಕಡೆ. ರಾಜೀನಾಮೆ ಕೊಟ್ಟು ಹೋದವರ ಬಾಕಿ ಸಂಬಳ ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ‘ಮುಂದಿನ ತಿಂಗಳ ಪೇರೋಲ್‌ನಲ್ಲಿ ನೋಡೋಣ’ ಅನ್ನುವ ಹಳೇ ಚಾಳಿ ಇನ್ನು ನಡೆಯದು. ಲ್ಯಾಪ್‌ಟಾಪ್ ವಾಪಸ್, ನೋ ಡ್ಯೂಸ್ (ಬಾಕಿ ಏನೂ ಇಲ್ಲ ಎಂಬ ಪತ್ರ) ಎಲ್ಲ ನೋಟಿಸ್ ಅವಧಿಯಲ್ಲೇ ಮುಗಿಸಿಕೊಳ್ಳಿ. ಗ್ರಾಚ್ಯುಟಿಗೆ ಮಾತ್ರ 30 ದಿನ ಸಮಯವಿದೆ.