ಅಮ್ಮನ ಹಿಮ್ಮಡಿ ಮತ್ತು ಒಂದು ರಕ್ತ ಪರೀಕ್ಷೆ

ಅಮ್ಮನ ಹಿಮ್ಮಡಿಯಲ್ಲಿ ಕಪ್ಪು ಕಲೆ ಕಂಡಾಗ ಮನೆಯವರೆಲ್ಲ ಆಣಿ ಅಂದುಕೊಂಡೆವು. ಮೆಡಿಕಲ್ ಶಾಪಿನಿಂದ ಪಟ್ಟಿ ತಂದು ಅಂಟಿಸಿದೆವು. ಆರು ತಿಂಗಳು ಹಾಗೇ ಹೋಯಿತು. ಬಯಾಪ್ಸಿ ಮಾಡಿಸಿದಾಗ ಗೊತ್ತಾಯಿತು, ಅದು ಮೆಲನೋಮ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್.

ಆಪರೇಷನ್ ಆದ ಮೇಲೆ ಅಮ್ಮ ಕೇಳಿದ್ದು ಒಂದೇ ಮಾತು. "ಎಲ್ಲಾ ಹೋಯ್ತಲ್ವಾ ಡಾಕ್ಟ್ರೇ?"

"ಕಣ್ಣಿಗೆ ಕಾಣೋದೆಲ್ಲ ತೆಗೆದಿದ್ದೀವಮ್ಮ."

ಕಣ್ಣಿಗೆ ಕಾಣದ್ದು? ಅಂದಿನಿಂದ ನಾನು ಹುಡುಕುತ್ತಿರುವುದು ಅದನ್ನೇ.

ನಮ್ಮೆಲ್ಲರ ರಕ್ತದಲ್ಲೂ ಸತ್ತ ಜೀವಕೋಶಗಳ ಡಿಎನ್‌ಎ ಚೂರುಗಳು ಓಡಾಡುತ್ತಿರುತ್ತವೆ. ಎಲ್ಲೋ ಕ್ಯಾನ್ಸರ್ ಉಳಿದಿದ್ದರೆ ಅದರ ಚೂರುಗಳೂ ಅವುಗಳಲ್ಲಿ ಸೇರಿಕೊಂಡಿರಬಹುದು. ಎಷ್ಟು ಕಡಿಮೆ ಅಂದರೆ, ರಾಗಿ ರಾಶಿಯಲ್ಲಿ ಒಂದು ಸಾಸಿವೆ ಕಾಳು ಹುಡುಕಿದ ಹಾಗೆ. ಅದಕ್ಕೆ ಲ್ಯಾಬಿನವರು ಒಂದು ಉಪಾಯ ಮಾಡುತ್ತಾರೆ. ರಕ್ತದಿಂದ ತೆಗೆದ ಡಿಎನ್‌ಎ ಇರುವ ದ್ರವವನ್ನು ಸುಮಾರು 20,000 ಪುಟ್ಟ ಹನಿಗಳಾಗಿ ಒಡೆಯುತ್ತಾರೆ. ಒಂದೊಂದು ಹನಿಯಲ್ಲೂ ಕ್ಯಾನ್ಸರಿನ ಗುರುತು ಇದೆಯಾ ಅಂತ ನೋಡುತ್ತಾರೆ.

ನ್ಯೂಯಾರ್ಕ್ ವಿಶ್ವವಿದ್ಯಾಲಯದ ಡೇವಿಡ್ ಪೋಲ್ಸ್ಕಿ ಅವರ ತಂಡ ಇದೇ ವಿಧಾನದಲ್ಲಿ ಮೂರನೇ ಹಂತದ, ಅಂದರೆ ಹತ್ತಿರದ ದುಗ್ಧಗ್ರಂಥಿಗಳವರೆಗೆ ಹರಡಿದ ಮೆಲನೋಮ ಇದ್ದ ಸುಮಾರು 600 ಜನರ ರಕ್ತ ನೋಡಿತು. 2025ರಲ್ಲಿ ಫಲಿತಾಂಶ ಬಂತು. ಆಪರೇಷನ್ ಮುಗಿದು ಮುಂದಿನ ಚಿಕಿತ್ಸೆ ಶುರುವಾಗುವ ಮೊದಲೇ ಯಾರ ರಕ್ತದಲ್ಲಿ ಕ್ಯಾನ್ಸರ್ ಚೂರು ಸಿಕ್ಕಿತ್ತೋ, ಅವರಲ್ಲಿ ಸುಮಾರು 80% ಜನರಿಗೆ ಕಾಯಿಲೆ ಮರಳಿತು. ಅದೂ ಬೇಗನೆ.

ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಈ ಟೆಸ್ಟ್ ಅಮ್ಮನಿಗೂ ಮಾಡಿಸಿಬಿಡೋಣ ಅನ್ನಿಸಿತು.

ಆದರೆ ಇನ್ನೊಂದು ಲೆಕ್ಕವನ್ನೂ ನೋಡಬೇಕು. ಆ 600 ಜನರಲ್ಲಿ ಮೊದಲ ಪರೀಕ್ಷೆಗೆ ಪಾಸಿಟಿವ್ ಬಂದದ್ದು 13% ಜನರಿಗೆ ಮಾತ್ರ. ಆ 600 ಜನರೂ ಪಾಲ್ಗೊಂಡಿದ್ದ ಔಷಧಿ ಪ್ರಯೋಗದಲ್ಲಿ, ಔಷಧಿ ಇಲ್ಲದ ಮಾತ್ರೆ ತೆಗೆದುಕೊಂಡವರ ಪೈಕಿ 5 ವರ್ಷಕ್ಕೆ ಕಾಯಿಲೆ ಮರಳದೆ ಉಳಿದವರು 36%. ಔಷಧಿ ತೆಗೆದುಕೊಂಡವರಲ್ಲೂ 52%. ಅಂದರೆ ರಕ್ತದಲ್ಲಿ ಏನೂ ಸಿಗದ ಎಷ್ಟೋ ಜನರಿಗೂ ಕ್ಯಾನ್ಸರ್ ವಾಪಸ್ ಬಂದಿದೆ. ಪಾಸಿಟಿವ್ ಬಂದರೆ ನಂಬಬೇಕು, ನೆಗೆಟಿವ್ ಬಂದರೆ ಮೈಮರೆಯಬಾರದು. ಈ ಮಾತನ್ನು ರಿಪೋರ್ಟ್ ಕೈಗೆ ಕೊಡುವಾಗಲೇ ಹೇಳಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. 'ನೆಗೆಟಿವ್' ಅನ್ನೋ ಪದ ಕೇಳಿದ ತಕ್ಷಣ ನಮ್ಮ ಮನೆಗಳಲ್ಲಿ ದೇವರಿಗೆ ದೀಪ ಹಚ್ಚಿ, ಮುಂದಿನ ಚೆಕಪ್ ಮರೆತುಬಿಡುತ್ತೇವೆ.

ಎಲ್‌ಡಿಎಚ್ ಅನ್ನೋ ಹಳೆಯ ಟೆಸ್ಟೂ ಇದೆ, ಅಗ್ಗದ್ದು. ರಕ್ತದಲ್ಲಿ ಆ ಹೆಸರಿನ ಕಿಣ್ವ ಎಷ್ಟಿದೆ ಅಂತ ನೋಡುತ್ತದೆ. ಅದು ಕಾಯಿಲೆ ಮೈಯೆಲ್ಲ ಹರಡಿದ ಮೇಲೆ ಉಪಯೋಗಕ್ಕೆ ಬರುತ್ತದೆ. ಲಿವರ್ ತೊಂದರೆ ಇದ್ದರೂ ಆ ಕಿಣ್ವ ಏರುತ್ತದೆ. ಆಪರೇಷನ್ ಆದವರಿಗೆ ಅದೊಂದನ್ನೇ ನಂಬಿ ಕೂರಲು ಆಗುವುದಿಲ್ಲ.

ನನ್ನನ್ನು ಜಾಸ್ತಿ ಕಾಡುವುದು ಬೇರೆ ವಿಷಯ. ಪೋಲ್ಸ್ಕಿ ತಂಡದ ಅಧ್ಯಯನ ಹುಡುಕಿದ್ದು ಬಿರಾಫ್ (BRAF) ಅನ್ನೋ ಜೀನಿನ ಬದಲಾವಣೆಯನ್ನು. ಬಿಳಿಯರಲ್ಲಿ ಆಗಾಗ ಬಿಸಿಲಿಗೆ ಬೀಳುವ ಚರ್ಮದ ಮೆಲನೋಮಗಳಲ್ಲಿ ಅದು ಸಾಮಾನ್ಯ. ನಮ್ಮಂಥ ಕಂದು ಚರ್ಮದವರಿಗೆ ಮೆಲನೋಮ ಬರುವುದೇ ಅಪರೂಪ. ಬಂದರೆ ಬಹಳ ಸಲ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ. ಅಂಥ ಮೆಲನೋಮಗಳಲ್ಲಿ ಬಿರಾಫ್ ಬದಲಾವಣೆ ಕಡಿಮೆ. ಅಮ್ಮನ ರಿಪೋರ್ಟಿನಲ್ಲೂ ಬಿರಾಫ್ ಬದಲಾವಣೆ ಇಲ್ಲ. ಹಾಗಾಗಿ ಈ ಟೆಸ್ಟ್ ನೂರು ಸಲ ಮಾಡಿಸಿದರೂ ಅವರಿಗೆ ನೆಗೆಟಿವ್ವೇ ಬರುತ್ತದೆ, ಕಾಯಿಲೆ ಇದ್ದರೂ! ತೆಗೆದ ಗಡ್ಡೆಯ ಡಿಎನ್‌ಎಯನ್ನೇ ಮೊದಲು ಓದಿ, ಆ ರೋಗಿಗೆಂದೇ ಟೆಸ್ಟ್ ರೂಪಿಸುವ ವಿಧಾನವೂ ಇದೆ. ನಮ್ಮ ಅಂಗಾಲುಗಳಿಗೆ ಬೇಕಾದದ್ದು ಅದು. ನಮ್ಮವರ ಗಡ್ಡೆ, ನಮ್ಮವರ ರಕ್ತ ಇಟ್ಟುಕೊಂಡು ಇಲ್ಲೇ ಅಧ್ಯಯನ ಆಗಬೇಕು. ಇದನ್ನು ಓದುವ ಡಾಕ್ಟರುಗಳಿದ್ದರೆ ನನ್ನ ಕೋರಿಕೆ ಇದೇ.

ಮುಂಚೆಯೇ ಗೊತ್ತಾಗಿ ಏನು ಮಾಡ್ತೀಯಾ, ಸುಮ್ನೆ ಭಯ ಅಲ್ವಾ ಅಂತ ಅಕ್ಕ ಕೇಳಿದಳು. ನ್ಯಾಯವಾದ ಪ್ರಶ್ನೆ. ಸ್ಕ್ಯಾನಿನಲ್ಲಿ ಕಾಣುವ ಮೊದಲೇ ಔಷಧಿ ಶುರು ಮಾಡಿದರೆ ಆಯಸ್ಸು ಹೆಚ್ಚುತ್ತದಾ? ಬ್ರಿಟನ್ನಿನಲ್ಲಿ ಡಿಟೆಕ್ಷನ್ ಅನ್ನೋ ಪ್ರಯೋಗ ಶುರುವಾಗಿದ್ದೇ ಇದನ್ನು ತಿಳಿಯಲು. ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎತ್ತಿಕಟ್ಟುವ ಇಮ್ಯುನೋಥೆರಪಿ ಔಷಧಿ ಥೈರಾಯ್ಡ್, ಕರುಳುಗಳಿಗೆ ಪೆಟ್ಟು ಕೊಡಬಹುದು. ಬೇಡದವರಿಗೆ ಅದನ್ನು ತಪ್ಪಿಸಲು ಸಾಧ್ಯವಾದರೂ ದೊಡ್ಡ ಉಪಕಾರವೇ.

ಸದ್ಯಕ್ಕೆ ನಮ್ಮ ಮನೆಯ ಪರೀಕ್ಷೆ ಭಾನುವಾರ ನಡೆಯುತ್ತದೆ. ತಲೆಗೆ ನೀರು ಹಾಕಿಕೊಂಡು ಬಂದ ಅಮ್ಮ ಕಿಟಕಿ ಪಕ್ಕ ಮಂಚದ ಮೇಲೆ ಕೂರುತ್ತಾರೆ. ಡಾಕ್ಟರು ಕಲಿಸಿದ ಹಾಗೆ ತೊಡೆಸಂದಿಯಲ್ಲಿ ಮೂರು ಬೆರಳಿಟ್ಟು ಮೆಲ್ಲಗೆ ಒತ್ತಿ ನೋಡಿಕೊಳ್ಳುತ್ತಾರೆ, ಗಂಟು ಸಿಗುತ್ತದಾ ಅಂತ. ಆಮೇಲೆ ಪಾದ ಎತ್ತಿ ನನ್ನ ಮಡಿಲಲ್ಲಿಡುತ್ತಾರೆ. ಹೊಲಿಗೆಯ ಗುರುತಿನ ಸುತ್ತ ನಾನು ಮೊಬೈಲ್ ಟಾರ್ಚ್ ಹಿಡಿದು ನೋಡುತ್ತೇನೆ.