ಗಿಲ್ಡ್‌ಹಾಲ್ ಅಡಿಯ ರೋಮನ್ ಅಖಾಡ: ಕೆಳಗಿಳಿಯುವ ಮೊದಲು ಅಂಗಳ ನೋಡಿ

ಲಂಡನ್ನಿನ ಗಿಲ್ಡ್‌ಹಾಲ್ ಆರ್ಟ್ ಗ್ಯಾಲರಿಯ ನೆಲಮಾಳಿಗೆಯಲ್ಲಿ ರೋಮನ್ ಕಾಲದ ಅಖಾಡವೊಂದರ ಅವಶೇಷವಿದೆ. ಅದನ್ನು ನೋಡಿ ಬಂದ ನಮ್ಮವರು ಹೇಳುವುದು ಒಂದೇ ಮಾತು: "ನಾಲ್ಕು ಮೋಟುಗೋಡೆ ಬಿಟ್ಟರೆ ಅಲ್ಲೇನಿದೆ?" ಇದನ್ನು ನಾನು ಒಪ್ಪುವುದಿಲ್ಲ. ರೋಮ್‌ನ ಕೊಲೊಸಿಯಂ ಮನಸ್ಸಿನಲ್ಲಿಟ್ಟುಕೊಂಡು ಸೀದಾ ಕೆಳಗಿಳಿದರೆ ನಿರಾಸೆ ಆಗದೆ ಇನ್ನೇನು?

ಮೊದಲು ಹೊರಗಿನ ಅಂಗಳದಲ್ಲಿ ನಿಲ್ಲಿ. ನೆಲಹಾಸಿನಲ್ಲಿ ಕಪ್ಪು ಕಲ್ಲಿನ ಬಾಗಿದ ಪಟ್ಟಿ ಇದೆ. ಕೆಳಗೆ ಹೂತಿರುವ ಆಂಫಿಥಿಯೇಟರಿನ, ಅಂದರೆ ಸುತ್ತಲೂ ಆಸನಗಳಿದ್ದ ಅಖಾಡದ ಗುರುತು ಅದು. ಅದರ ಗುಂಟ ನಡೆಯಿರಿ. ಸುಮಾರು 7,000 ಜನ ಕೂರುತ್ತಿದ್ದ ಜಾಗ ಎಷ್ಟು ದೊಡ್ಡದೆಂದು ತಿಳಿಯುವುದು ಇಲ್ಲೇ. ನೆಲಮಾಳಿಗೆಯಲ್ಲಿ ಕಾಣಸಿಗುವುದು ಪೂರ್ವದ ಬಾಗಿಲಿನ ಭಾಗ ಮಾತ್ರ.

ಗೋಡೆ ಮೋಟಾಗಿರಲು ಕಾರಣವಿದೆ. ಕ್ರಿ.ಶ. 70ರ ಸುಮಾರಿಗೆ ಕಟ್ಟಿದ್ದು ಪೂರ್ತಿ ಮರದ್ದು. ಎರಡನೇ ಶತಮಾನದ ಆರಂಭದಲ್ಲಿ ಕೆಂಟ್ ಪ್ರಾಂತ್ಯದ ಕಲ್ಲು ತರಿಸಿ ಅಖಾಡದ ಗೋಡೆ, ಬಾಗಿಲು ಕಟ್ಟಿಸಿದರೂ ಆಸನಗಳು ಮಾತ್ರ ಮಣ್ಣಿನ ದಿಬ್ಬದ ಮೇಲೆ ಮರದವೇ ಆಗಿದ್ದವು. ಮುಂದೆ ಪಾಳುಬಿದ್ದಾಗ ಕಲ್ಲನ್ನೂ ಜನ ಕಿತ್ತೊಯ್ದರು. ಅಷ್ಟಾದ ಮೇಲೆ ಇಷ್ಟು ಉಳಿದಿದ್ದೇ ದೊಡ್ಡದು.

ಒಳಗೆ ಹೋದಾಗ ಹೋರಾಳುಗಳನ್ನು ತೋರಿಸುವ ಹಸಿರು ಬೆಳಕಿನ ಆಕೃತಿಗಳ (ಹೋರಾಳು ಅಂದರೆ ಅಖಾಡದಲ್ಲಿ ಕಾದಾಡುತ್ತಿದ್ದ ಗ್ಲಾಡಿಯೇಟರ್) ಫೋಟೊ ತೆಗೆಯುವುದರಲ್ಲೇ ಹೊತ್ತು ಕಳೆಯಬೇಡಿ. ಕಾಲಡಿಯ ಮರದ ಚರಂಡಿ ನೋಡಿ. ನನ್ನ ಮಟ್ಟಿಗೆ ಅಲ್ಲಿನ ಆಸ್ತಿ ಅದೇ. ತಗ್ಗಿನ ಅಖಾಡ, ಮೇಲಿಂದ ಲಂಡನ್ ಮಳೆ. ನೀರು ಹೊರಹೋಗದಿದ್ದರೆ ಮರಳುನೆಲ ಕೆಸರಾಗಿ ಆಟವೇ ನಿಲ್ಲುತ್ತಿತ್ತು. ಹಲಗೆಗಳು ಸಾವಿರದೆಂಟುನೂರು ವರ್ಷಕ್ಕೂ ಹೆಚ್ಚು ಬಾಳಿದ್ದು ಸದಾ ಒದ್ದೆಯಾಗಿದ್ದ ಮಣ್ಣಿನಿಂದ: ಆಮ್ಲಜನಕ ಸಿಗದ ಕಡೆ ಮರ ಕೊಳೆಯುವುದು ಬಹಳ ನಿಧಾನ. ಅಂಥ ಮರವನ್ನು ಹೊರತೆಗೆದು ಹಾಗೇ ಒಣಗಲು ಬಿಟ್ಟರೆ ಕುಗ್ಗಿ ಸೀಳಿಬಿಡುತ್ತದೆ.

ಬಾಗಿಲ ಎರಡೂ ಬದಿಯ ಪುಟ್ಟ ಕೋಣೆಗಳನ್ನೂ ಬಿಡಬೇಡಿ. ಮೃಗಗಳನ್ನು ಕೂಡಿಹಾಕುತ್ತಿದ್ದ ಜಾಗವೋ, ಹೋರಾಳುಗಳು ಕೈಮುಗಿಯುತ್ತಿದ್ದ ಗುಡಿಯೋ ಎಂಬ ಚರ್ಚೆ ಇದೆ.

1988ರಲ್ಲಿ ಹೊಸ ಗ್ಯಾಲರಿಗಾಗಿ ಅಗೆಯುವಾಗ ಇದು ಸಿಕ್ಕಿತು. ನಕ್ಷೆಯನ್ನೇ ಬದಲಿಸಿ ಅವಶೇಷಗಳನ್ನು ಇದ್ದಲ್ಲೇ ಉಳಿಸಿಕೊಂಡರು. ಊರು ಬೆಳೆಯುವಾಗ ಹಳೆಯದು ಅಡ್ಡ ಬಂದರೆ ಮಾಡಬೇಕಾದ್ದು ಹೀಗೇ. ನಮ್ಮೂರುಗಳಲ್ಲೂ ಇದನ್ನು ಗಟ್ಟಿಯಾಗಿ ಕೇಳಬೇಕು.

ಪ್ರವೇಶ ಉಚಿತ. ಬ್ಯಾಂಕ್, ಮೂರ್‌ಗೇಟ್, ಸೇಂಟ್ ಪಾಲ್ಸ್ ಮೂರೂ ಟ್ಯೂಬ್ (ಸುರಂಗ ರೈಲು) ನಿಲ್ದಾಣಗಳಿಂದ ನಡೆದೇ ಹೋಗಬಹುದು. ಸಮಾರಂಭಗಳಿದ್ದರೆ ಮುಚ್ಚಿರುವುದುಂಟು, ಆ ದಿನದ ಸಮಯ ನೋಡಿಕೊಂಡೇ ಹೊರಡಿ.