ಸಂಪಿನ ಮುಚ್ಚಳದ ಯಜಮಾನ

‘ನಾಯಿಗೆ ಕೆಲಸ ಇಲ್ಲ, ನಿಲ್ಲೋಕೆ ಪುರುಸೊತ್ತಿಲ್ಲ’ ಅನ್ನುವ ಗಾದೆ ಕಟ್ಟಿದವರು ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನಲ್ಲಿ ನಾಯಿ ಸಾಕಿರಲಿಲ್ಲ ಅಂತ ಕಾಣುತ್ತದೆ. ಆ ತಿಂಗಳು ನಮ್ಮ ಗುಂಡನಿಗೆ ನಾಲ್ಕೂ ಕಾಲಿಗೆ ಕೆಲಸ. ಮನೆಯಲ್ಲಿ ಎಲ್ಲಿ ತಂಪಿದೆ ಅಂತ ಹುಡುಕಬೇಕು. ಅಲ್ಲಿ ಹೋಗಿ ಬೀಳಬೇಕು. ಆ ಜಾಗ ಬಿಸಿಯಾದ ಮೇಲೆ ಒಂದು ನಿಟ್ಟುಸಿರು ಬಿಟ್ಟು, ಎದ್ದು, ಇನ್ನೊಂದು ಕಡೆ ಹೋಗಿ ಬೀಳಬೇಕು. ಇದರ ಮಧ್ಯೆ ಕೊರಿಯರ್ ಹುಡುಗ ಬಂದರೆ ಬೊಗಳುವ ಡ್ಯೂಟಿ ಬೇರೆ. ಅದನ್ನು ಮಾತ್ರ ಈಗ ಮಲಗಿದಲ್ಲಿಂದಲೇ ಮಾಡಿ ಮುಗಿಸುತ್ತಾನೆ.

ಹನುಮಂತನಗರದ ನಮ್ಮ ಮನೆಯಲ್ಲಿ ಬೆಳಗ್ಗೆ ತಂಪಾದ ಜಾಗ ಅಂದರೆ ಪೋರ್ಟಿಕೋದ ಸಂಪು. ಕೆಳಗೆ ನೀರು, ಮೇಲೆ ಕಾಂಕ್ರೀಟ್ ಚಪ್ಪಡಿ, ಅದರ ಮೇಲೆ ಗುಂಡ. ಹತ್ತು ಗಂಟೆಗೆ ಗೇಟಿನ ಸಂದಿಯಿಂದ ಬಿಸಿಲು ಒಳಗೆ ಬಂತು ಅಂದರೆ ದೇವರಮನೆ ಮುಂದಿನ ರೆಡ್ ಆಕ್ಸೈಡ್ ನೆಲಕ್ಕೆ ವರ್ಗಾವಣೆ. ಹಾಲ್‌ಗೆ ನಾವು ದುಡ್ಡು ಸುರಿದು ಟೈಲ್ಸ್ ಹಾಕಿಸಿದ್ದೇವೆ. ಅದರ ಮೇಲೆ ಅವನು ಇವತ್ತಿಗೂ ಮಲಗಿಲ್ಲ. ನನ್ನ ಮಾವನವರು ಕಟ್ಟಿಸಿದ ಹಳೇ ಕೆಂಪು ನೆಲವೇ ಬೇಕು. ಅದೂ ಬಿಸಿಯಾದರೆ ಬಚ್ಚಲುಮನೆ, ಅದರಲ್ಲೂ ಮೋರಿ ಪಕ್ಕ. ಯಾರಿಗೇ ಅರ್ಜೆಂಟ್ ಇದ್ದರೂ ಅವನನ್ನು ದಾಟಿಕೊಂಡೇ ಹೋಗಬೇಕು. ನಾಲ್ಕು ಗಂಟೆ ಮೇಲೆ ಹಿತ್ತಲಿನ ಒಗೆಯುವ ಕಲ್ಲಿನ ಕೆಳಗೆ. ಅಲ್ಲಿ ಯಾವಾಗಲೂ ಸ್ವಲ್ಪ ಪಸೆ ಇರುತ್ತದೆ.

ಈ ವೇಳಾಪಟ್ಟಿಯನ್ನು ಮೊದಲು ಗಮನಿಸಿದ್ದು ನಮ್ಮತ್ತೆ. ಗಮನಿಸಿ ಸುಮ್ಮನಿರಲಿಲ್ಲ. ಮಧ್ಯಾಹ್ನದ ಊಟ ಆದ ಮೇಲೆ ಚಾಪೆ ಹಿಡಿದುಕೊಂಡು ಕೆಂಪು ನೆಲಕ್ಕೆ ಬಂದು, “ಸರಿಯೋ ಆ ಕಡೆ, ನಿಮ್ಮಪ್ಪನ ಮನೆ ನೆಲವಾ?” ಅಂತ ಗುಂಡನನ್ನು ತಳ್ಳಿ, ಅವನು ಆರಿಸಿದ ಜಾಗದಲ್ಲೇ ಮಲಗುತ್ತಾರೆ. ಇಡೀ ಮನೆಯಲ್ಲಿ ತಂಗಾಳಿ ಆಡುವುದು ಅಲ್ಲೇ ಅನ್ನುವುದು ಅವರಿಗೂ ಗೊತ್ತು, ಅವನಿಗೂ ಗೊತ್ತು. ಲಕ್ಷಗಟ್ಟಲೆ ಫೀಸು ಕೊಟ್ಟು ಮನೆ ಕಟ್ಟಿಸಿದವರು ಆರ್ಕಿಟೆಕ್ಟ್ ಹತ್ತಿರ ಕೇಳಬೇಕಾದ ಪ್ರಶ್ನೆಗೆ ನಮ್ಮ ಮನೆಯಲ್ಲಿ ನಾಯಿ ಬಿಟ್ಟಿ ಉತ್ತರ ಕೊಡುತ್ತದೆ.

ನಾಯಿಗೆ ನೆಲ ಇಷ್ಟು ಮುಖ್ಯ ಆಗುವುದಕ್ಕೆ ಕಾರಣ ಇದೆ. ನಮಗೆ ಮೈಯೆಲ್ಲಾ ಬೆವರುತ್ತದೆ, ಬೆವರು ಆರಿದಾಗ ಹಾಯ್ ಅನಿಸುತ್ತದೆ. ನಾಯಿಗೆ ಬೆವರುವುದು ಹೆಚ್ಚಾಗಿ ಪಾದದಲ್ಲಿ ಮಾತ್ರ. ಮೈ ಬಿಸಿಯನ್ನು ಹೊರಹಾಕಲು ಅದಕ್ಕಿರುವ ದೊಡ್ಡ ದಾರಿ ಬಾಯಿ, ನಾಲಿಗೆ, ಮೂಗು. ಅದಕ್ಕೇ ಆ ತೇಕು. ಚೆನ್ನಾಗಿ ತೇಕುವಾಗ ನಾಯಿ ನಿಮಿಷಕ್ಕೆ ಮುನ್ನೂರು ಸಲ ಉಸಿರಾಡುವುದೂ ಉಂಟು. ಒಳಗಿನ ಪಸೆ ಆವಿಯಾಗಿ ಹೋಗುತ್ತದೆ, ಜೊತೆಗೆ ಬಿಸಿಯೂ ಹೋಗುತ್ತದೆ. ಇನ್ನೊಂದು ದಾರಿ ಹೊಟ್ಟೆ. ಅಲ್ಲಿ ಕೂದಲು ಕಡಿಮೆ. ತಣ್ಣನೆ ನೆಲಕ್ಕೆ ಹೊಟ್ಟೆ ಒತ್ತಿ, ಹಿಂಗಾಲು ಎರಡನ್ನೂ ಹಿಂದಕ್ಕೆ ಚಾಚಿ ಮಲಗುತ್ತದಲ್ಲ, ಅದು ಶೋಕಿ ಅಲ್ಲ.

ಹಾಗಾಗಿ ನಾವು ಪ್ರೀತಿಯಿಂದ ಮಾಡುವ ಒಂದು ಕೆಲಸ ಅದಕ್ಕೆ ಅಷ್ಟೇನೂ ಉಪಯೋಗಕ್ಕೆ ಬರುವುದಿಲ್ಲ. ‘ಪಾಪ, ಸೆಕೆ’ ಅಂತ ಫ್ಯಾನ್ ಹಾಕಿ ಬಿಡುವುದು. ಬೆವರೇ ಇಲ್ಲದ ಮೈಗೆ ಫ್ಯಾನ್ ಗಾಳಿ ನಮಗೆ ಆದಷ್ಟು ತಂಪು ಕೊಡುವುದಿಲ್ಲ. ಹೊಟ್ಟೆ, ಪಾದ, ಕಂಕುಳು ಒದ್ದೆ ಮಾಡಿ ಆಮೇಲೆ ಫ್ಯಾನ್ ಹಾಕಿ ನೋಡಿ, ಆಗ ಅದು ಎದ್ದು ಹೋಗುವುದಿಲ್ಲ. ಒದ್ದೆ ಟವೆಲ್ ಹೊದಿಸುವುದು ಇನ್ನೊಂದು ಅಭ್ಯಾಸ. ಸ್ವಲ್ಪ ಹೊತ್ತಿಗೆ ಆ ಟವೆಲ್ಲೇ ಬೆಚ್ಚಗಾಗಿ ಬಿಸಿಯನ್ನು ಒಳಗೆ ಹಿಡಿದುಕೊಳ್ಳುತ್ತದೆ. ಟವೆಲ್ ಅದರ ಕೆಳಗೆ ಹಾಸಿದರೆ ಸರಿ.

ಬೆಂಗಳೂರಿನ ಬಿಸಿಲಿಗೆ ಒಂದು ಒಳ್ಳೆ ಗುಣ ಇದೆ. ಮಾರ್ಚ್, ಏಪ್ರಿಲ್ ಮಧ್ಯಾಹ್ನ ಗಾಳಿ ಒಣಗಿರುತ್ತದೆ. ಒಣ ಗಾಳಿಯಲ್ಲಿ ತೇಕು ಚೆನ್ನಾಗಿ ಕೆಲಸ ಮಾಡುತ್ತದೆ. ತೊಂದರೆ ಇರುವುದು ಮಳೆ ಬರುವ ಮುಂಚಿನ ಸಂಜೆಗಳಲ್ಲಿ. ಮೋಡ ಕಟ್ಟಿರುತ್ತದೆ, ಎಲೆ ಅಲ್ಲಾಡುವುದಿಲ್ಲ, ಸುಡು ಬಿಸಿಲೂ ಇಲ್ಲ. ನಾವು ‘ಇವತ್ತು ಪರವಾಗಿಲ್ಲ’ ಅಂದುಕೊಳ್ಳುತ್ತೇವೆ. ಗುಂಡ ಅವತ್ತೇ ಜಾಸ್ತಿ ತೇಕುತ್ತಾನೆ. ಗಾಳಿಯಲ್ಲಿ ಆಗಲೇ ನೀರು ತುಂಬಿದ್ದರೆ ನಾಲಿಗೆಯ ಪಸೆ ಆರುವುದಾದರೂ ಎಲ್ಲಿಗೆ? ಮಂಗಳೂರಿನ ನಾಯಿಗಳ ಬಗ್ಗೆ ನನಗೆ ದೊಡ್ಡ ಗೌರವ ಇದೆ.

ಕಲಬುರಗಿಯಿಂದ ಬರುವ ನಮ್ಮ ಭಾವನವರಿಗೆ ಈ ಮಾತೆಲ್ಲ ತಮಾಷೆ. “ಇದಕ್ಕೂ ಬಿಸಲು ಅಂತೀರೇನ್ರೀ? ನಮ್ಮ ಕಡಿ ನಲ್ವತ್ತೆರಡರಾಗ ಮದುವಿ ಊಟಕ್ಕ ಕೂಡ್ತಾರ” ಅನ್ನುತ್ತಾರೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ, ಇಲ್ಲಿಯವರಿಗೆ ಅಭ್ಯಾಸ ಕಮ್ಮಿ, ನಿಜ. ಆದರೂ 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ಆಗಿತ್ತು. 2024ರ ಏಪ್ರಿಲ್ ಕೊನೆಗೆ 38.5 ಮುಟ್ಟಿತು. ಭಾವನವರು ಅಂಕಿಗೆ ಜಗ್ಗುವವರಲ್ಲ. “ಸಾಕಿದ್ರ ಮುಧೋಳ ನಾಯಿ ಸಾಕ್ಬೇಕು ನೋಡ್ರಿ” ಅಂತ ಬೇರೆ ಕಡೆ ತಿರುಗಿಸುತ್ತಾರೆ. ಅದರಲ್ಲಿ ಅವರನ್ನು ಸೋಲಿಸಲು ಆಗುವುದಿಲ್ಲ. ಬಾಗಲಕೋಟೆ ಕಡೆಯ ಆ ನಾಯಿಗೆ ತೆಳು ಮೈ, ಉದ್ದ ಕಾಲು, ಮೈಗಂಟಿದ ಗಿಡ್ಡ ಕೂದಲು, ನೀಳ ಮೂಗು. ಬಿಸಿಲಿಗೆ ಅಂತಲೇ ಮಾಡಿದ ಮೈಕಟ್ಟು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿಯನ್ನೂ ತಂದಿತು. ಬೀದಿಯಿಂದ ಬಂದ ನಮ್ಮ ಗುಂಡನ ಚೀಟಿ ಯಾರೂ ಮಾಡಿಲ್ಲ. ಆದರೆ ಅವನಿಗೂ ಗಿಡ್ಡ ಕೂದಲೇ, ನೀಳ ಮೂಗೇ.

ಮೂಗಿನ ಮಾತು ಬಂತಲ್ಲ, ಮೇಲಿನ ಮನೆಯ ಕುಕಿ ವಿಷಯ ಹೇಳಬೇಕು. ಅದು ಪಗ್. ಮುಖ ಚಪ್ಪಟೆ, ಮೂಗು ಇದೆಯೋ ಇಲ್ಲವೋ ಅನ್ನುವಷ್ಟು. ತೇಕಿ ತಂಪಾಗಬೇಕಾದ ದಾರಿಯೇ ಅದಕ್ಕೆ ಇಕ್ಕಟ್ಟು. ಬುಲ್‌ಡಾಗ್, ಶಿಟ್ಜು, ಬಾಕ್ಸರ್ ಎಲ್ಲದರದ್ದೂ ಇದೇ ಪಾಡು. ಸಾಲದ್ದಕ್ಕೆ ಕುಕಿ ಇರುವುದು ಕೊನೇ ಅಂತಸ್ತಿನಲ್ಲಿ, ನೇರ ತಾರಸಿ ಕೆಳಗೆ. ಹಗಲೆಲ್ಲಾ ಕುಡಿದ ಬಿಸಿಲನ್ನು ಆ ಸ್ಲ್ಯಾಬ್ ರಾತ್ರಿವರೆಗೂ ಕೆಳಗೆ ಬಿಡುತ್ತಿರುತ್ತದೆ. ಬಾಡಿಗೆಗಿರುವ ಹುಡುಗ ಹುಡುಗಿ ಇಬ್ಬರೂ ಆಫೀಸಿಗೆ ಹೋಗುವವರು. ಅದಕ್ಕೆ ಅಂತಲೇ ಎಸಿ ಹಾಕಿಸಿದ್ದಾರೆ. ನಮ್ಮತ್ತೆ ಇದನ್ನು ಬೀದಿಗೆಲ್ಲಾ ಹೇಳಿಕೊಂಡು ಬಂದರು. ನನಗೆ ಎಸಿ ಬಗ್ಗೆ ತಕರಾರಿಲ್ಲ. ತಕರಾರು ಕರೆಂಟಿನ ಬಗ್ಗೆ. ಕಿಟಕಿ ಎಲ್ಲಾ ಮುಚ್ಚಿ, ಎಸಿ ಹಾಕಿ, ಬೀಗ ಹಾಕಿ ಹೋದ ಮೇಲೆ ಮಧ್ಯಾಹ್ನ ಎರಡಕ್ಕೆ ಕರೆಂಟ್ ಹೋದರೆ? ಆ ಹುಡುಗಿಗೂ ಇದು ಹೊಳೆದು, “ಆಂಟಿ, ಒಂದು ಕೀ ನಿಮ್ಮ ಹತ್ರ ಇರಲಿ” ಅಂತ ಕೊಟ್ಟಿದ್ದಾಳೆ. ಈಗ ಕರೆಂಟ್ ಹೋದ ತಕ್ಷಣ ನಾನು ಮೆಟ್ಟಿಲು ಹತ್ತಬೇಕು, ಕುಕಿಯನ್ನು ಎತ್ತಿಕೊಂಡು ಬಂದು ಕೆಂಪು ನೆಲದ ಮೇಲೆ ಬಿಡಬೇಕು. ಅತ್ತೆ, ಗುಂಡ, ಕುಕಿ ಮೂವರೂ ಸಾಲಾಗಿ ಮಲಗಿರುತ್ತಾರೆ. ಯಾರ ಗೊರಕೆ ಯಾವುದು ಅಂತ ಗೊತ್ತಾಗುವುದಿಲ್ಲ. ಈ ವರ್ಷ ತಾರಸಿಗೆ ಬಿಳಿ ಬಣ್ಣ ಹೊಡೆಸಿದ್ದೇವೆ. ಬಾಡಿಗೆದಾರರಿಗೋಸ್ಕರ ಅಂತ ನಾವು ಹೇಳಿಕೊಳ್ಳುತ್ತೇವೆ.

ಹಿಂದಿನ ಬೀದಿಯಲ್ಲಿ ಒಂದು ಹಸ್ಕಿಯೂ ಇದೆ. ಸೈಬೀರಿಯಾದ ಹಿಮಕ್ಕೆ ಹುಟ್ಟಿದ ಜಾತಿಯನ್ನು ತಂದು ಹನುಮಂತನಗರದಲ್ಲಿ ಕಟ್ಟುವವರ ಬಗ್ಗೆ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆಯುವುದಿಲ್ಲ. ಅವರು ಕಳೆದ ಬೇಸಿಗೆಯಲ್ಲಿ ಅದರ ಕೂದಲನ್ನು ಪೂರ್ತಿ ಬೋಳಿಸಲು ಹೊರಟಿದ್ದರು. ನೋಡುವವರಿಗೆ ಅದು ಸರಿ ಅನಿಸುತ್ತದೆ, ಸ್ವೆಟರ್ ಬಿಚ್ಚಿದಂತಲ್ಲವೇ ಅಂತ. ಆದರೆ ಎರಡು ಪದರದ ಆ ಕೂದಲು ಚಳಿಯನ್ನು ಹೇಗೋ ಹಾಗೆ ಬಿಸಿಲನ್ನೂ ಚರ್ಮಕ್ಕೆ ತಾಗದಂತೆ ತಡೆಯುತ್ತದೆ. ಬೋಳಿಸಿದರೆ ಚರ್ಮ ಸುಡುತ್ತದೆ, ಕೂದಲು ಮತ್ತೆ ಸರಿಯಾಗಿ ಬರದೇ ಇರುವುದೂ ಉಂಟು. ಬಾಚಿ ಬಾಚಿ ಉದುರುವ ಒಳಕೂದಲು ತೆಗೆದರೆ ಸಾಕು. ಹಾಗೆ ಬಾಚುವಾಗ ಕಿವಿ ಸಂದಿ, ಬೆರಳ ಸಂದಿಯಲ್ಲಿ ಉಣ್ಣಿ ಇದೆಯಾ ಅಂತಲೂ ನೋಡಿಬಿಡಬಹುದು. ಬೇಸಿಗೆ ಅವಕ್ಕೆ ಹಬ್ಬ.

ಮಲಗುವ ವಿಷಯದಲ್ಲಿ ಇಷ್ಟು ಜಾಣನಾದ ಗುಂಡ, ವಾಕಿಂಗ್ ವಿಷಯದಲ್ಲಿ ಶುದ್ಧ ಪೆದ್ದ. ಸರಪಳಿ ಸದ್ದಾಯಿತೋ, ಮುಗಿಯಿತು. ಉರಿಬಿಸಿಲಿನ ಹನ್ನೆರಡು ಗಂಟೆಯಾದರೂ ಕುಣಿಯುತ್ತಾನೆ. ಚೆಂಡು ಎಸೆದರೆ ನಾಲಿಗೆ ನೆಲಕ್ಕೆ ತಾಗುವವರೆಗೂ ತಂದು ತಂದು ಕೊಡುತ್ತಾನೆ. ‘ಇವತ್ತು ಬೇಡ, ಬಿಸಿಲಿದೆ’ ಅನ್ನುವ ನಾಯಿಯನ್ನು ನಾನು ನೋಡಿಲ್ಲ. ತಂಪು ಹುಡುಕುವುದು ಅದರ ಬುದ್ಧಿ, ಆದರೆ ನಾವು ಕರೆದರೆ ಆ ಬುದ್ಧಿಯನ್ನು ಮನೆಯಲ್ಲೇ ಬಿಟ್ಟು ಬರುತ್ತದೆ. ನಾಯಿಯ ಬೇಸಿಗೆಯಲ್ಲಿ ನಾವು ನಿಜವಾಗಿ ತಲೆ ಓಡಿಸಬೇಕಾದ ಜಾಗ ಇದು.

ಅದಕ್ಕೇ ನಮ್ಮ ವಾಕಿಂಗ್ ಈಗ ಹಾಲಿನವನ ಜೊತೆ ಶುರುವಾಗುತ್ತದೆ, ಸಂಜೆಯದು ಊಟದ ಹೊತ್ತಿಗೆ. ಸೂರ್ಯ ಮುಳುಗಿದ ಕೂಡಲೇ ಟಾರ್ ರಸ್ತೆ ತಣ್ಣಗಾಗುವುದಿಲ್ಲ. ಅಂಗೈ ಹಿಂಭಾಗವನ್ನು ರಸ್ತೆ ಮೇಲಿಟ್ಟು ಏಳು ಎಣಿಸುತ್ತೇನೆ. ನನಗೆ ತಡೆಯಲು ಆಗದಿದ್ದರೆ ಚಪ್ಪಲಿ ಇಲ್ಲದ ಅವನಿಗೂ ಆಗುವುದಿಲ್ಲ. ದಾರಿಯಲ್ಲಿ ಹೀಗೆ ಕೂತು ರಸ್ತೆ ಮುಟ್ಟಿ ನೋಡುವವಳನ್ನು ಕಂಡು ಒಬ್ಬರು, “ಏನಾದ್ರೂ ಬಿತ್ತಾ ಮೇಡಂ?” ಅಂತ ಕೇಳಿದ್ದೂ ಆಗಿದೆ. ಹೊಂಗೆ ಮರದ ಸಾಲಿರುವ ಅಡ್ಡರಸ್ತೆಯಲ್ಲಿ ಮಾತ್ರ ಈ ಪರೀಕ್ಷೆ ಬೇಕಾಗುವುದಿಲ್ಲ. ಕಾರಿನಲ್ಲಿ ಕರೆದುಕೊಂಡು ಹೋದರೆ ಒಳಗೇ ಬಿಟ್ಟು ‘ಐದೇ ನಿಮಿಷ’ ಅಂತ ಅಂಗಡಿಗೆ ಇಳಿಯುವುದಂತೂ ಇಲ್ಲವೇ ಇಲ್ಲ. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಹತ್ತು ನಿಮಿಷದಲ್ಲಿ ಹತ್ತು ಡಿಗ್ರಿ ಏರಿಬಿಡುತ್ತದೆ. ಗಾಜು ಎರಡು ಬೆರಳು ಇಳಿಸಿದರೆ ಏನೂ ಪ್ರಯೋಜನ ಇಲ್ಲ. ಬೆಂಗಳೂರಿನಲ್ಲಿ ಐದು ನಿಮಿಷದ ಕೆಲಸ ಐದು ನಿಮಿಷಕ್ಕೆ ಮುಗಿದದ್ದು ಯಾವಾಗ ಹೇಳಿ?

2024ರ ಮಾರ್ಚ್ ನೆನಪಿರಬೇಕು. ಬೋರ್‌ವೆಲ್ ಒಣಗಿ, ಟ್ಯಾಂಕರ್‌ಗೆ ಕಾದು ಕೂತ ದಿನಗಳು. ಕುಡಿಯುವ ನೀರಲ್ಲಿ ಗಾಡಿ ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ಅತ್ತೆ ಪೇಪರ್ ಹಿಡಿದು ಎರಡೆರಡು ಸಲ ಓದಿ, “ನಾಯಿ ಹೆಸರಿಲ್ಲ, ಸದ್ಯ” ಅಂದರು. ಆದರೂ ಸ್ನಾನ ಮಾಡಿಸಲು ಮನಸ್ಸು ಬರಲಿಲ್ಲ. ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು ಎಲ್ಲ ಒಗೆಯುವ ಕಲ್ಲಿನ ಕೆಳಗೆ ಸುರಿಯುತ್ತಿದ್ದೆವು. ಅವನು ಅದರ ಮೇಲೆ ಹೊರಳಾಡಿ ಎದ್ದು ಬರುತ್ತಿದ್ದ. ದಿನಾ ಶಾಂಪೂ ಹಾಕಿ ತಿಕ್ಕುವುದಕ್ಕಿಂತ ಇದೇ ವಾಸಿ, ಚರ್ಮ ಒಣಗುವುದಿಲ್ಲ. ಸಂಪು ಖಾಲಿಯಾದ ದಿನ ಗುಂಡ ಅದರ ಮೇಲೆ ಮಲಗಲಿಲ್ಲ, ನಮಗಿಂತ ಮೊದಲು ಅವನಿಗೇ ಗೊತ್ತಾಯಿತು ಅನ್ನುವುದು ಅತ್ತೆಯ ವಾದ. ನನಗೆ ಪೂರ್ತಿ ನಂಬಿಕೆ ಇಲ್ಲ. ಆದರೆ ಈಗಲೂ ಅವನು ಅಲ್ಲಿಂದ ಬೇಗ ಎದ್ದರೆ ನಾನು ಮುಚ್ಚಳ ತೆಗೆದು ಬಗ್ಗಿ ನೋಡುತ್ತೇನೆ.

ತಿನ್ನುವ ವಿಷಯದಲ್ಲಿ ಅತ್ತೆಯದೇ ಆಡಳಿತ. ಉಪ್ಪಿಲ್ಲದ ನೀರು ಮಜ್ಜಿಗೆ, ಬೀಜ ತೆಗೆದ ಕಲ್ಲಂಗಡಿ, ಸಂಜೆ ತಣ್ಣನೆ ಮೊಸರನ್ನ. ಒಗ್ಗರಣೆ ಹಾಕುವ ಮುಂಚೆ ತೆಗೆದಿಟ್ಟದ್ದು. ದ್ರಾಕ್ಷಿ ಮಾತ್ರ ಮನೆಯಲ್ಲಿ ಕೆಳಗೆ ಬೀಳುವ ಹಾಗಿಲ್ಲ. ನಮ್ಮ ಊರಿನ ಹೆಸರೇ ಹೊತ್ತ ಬೆಂಗಳೂರು ನೀಲಿ ದ್ರಾಕ್ಷಿಯಾದರೂ ಸರಿ, ನಾಯಿಯ ಕಿಡ್ನಿಗೆ ಅದು ವಿಷ. ಮಾವಿನ ವಾಟೆಯೂ ಅಷ್ಟೇ, ನುಂಗಿದರೆ ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ.

ಗುಂಡನ ಮೈ ಮುಟ್ಟಿ ‘ಜ್ವರ ಬಂದಿದೆ’ ಅನ್ನುವವರು ಬೇಕಾದಷ್ಟು ಜನ. ನಾಯಿಯ ಮೈ ಸಹಜವಾಗಿಯೇ 38ರಿಂದ 39 ಡಿಗ್ರಿ, ನಮ್ಮ ಕೈಗೆ ಯಾವಾಗಲೂ ಬೆಚ್ಚಗೆ. ಹೆದರಬೇಕಾದದ್ದು ಬೇರೆ: ನಿಲ್ಲದ ತೇಕು, ಕಡುಗೆಂಪು ವಸಡು, ಅಂಟಂಟು ಜೊಲ್ಲು, ವಾಂತಿ, ತೂರಾಡುವ ನಡಿಗೆ. ಒಳಗಿನ ಬಿಸಿ 41ರ ಹತ್ತಿರ ಹೋದರೆ ಪ್ರಾಣಕ್ಕೇ ಅಪಾಯ. ಆಗ ಡಾಕ್ಟರ್‌ಗೆ ಫೋನ್ ಮಾಡುತ್ತಲೇ ನಲ್ಲಿ ನೀರು ಸುರಿಯಬೇಕು, ಫ್ಯಾನ್ ಕೆಳಗೆ ತರಬೇಕು, ಮೈ ತಣಿಯುತ್ತಿದ್ದಂತೆ ಹೊರಡಬೇಕು. ಬಾಯಿಗೆ ಬಲವಂತವಾಗಿ ನೀರು ಹುಯ್ಯಬಾರದು. ನಮ್ಮ ಜ್ವರದ ಮಾತ್ರೆ ಕೊಡಲೇಬಾರದು. ಅದು ಈ ಬಿಸಿಗೆ ಮದ್ದಲ್ಲ, ನಾಯಿಗೆ ವಿಷವೂ ಆಗಬಹುದು. ಹತ್ತಿರದ ಕ್ಲಿನಿಕ್‌ನ ನಂಬರನ್ನು ಫ್ರಿಜ್ ಮೇಲೆ ಅಂಟಿಸಿದ್ದೇವೆ, ಗ್ಯಾಸ್ ನಂಬರಿನ ಪಕ್ಕ.

ಗೇಟಿನ ಹೊರಗೆ ಬೀದಿ ನಾಯಿಗಳಿಗೆ ನೀರಿಡುವುದೂ ಬೇಸಿಗೆಯ ಕೆಲಸವೇ. ಮೊದಲು ಪ್ಲಾಸ್ಟಿಕ್ ಟಬ್ ಇಟ್ಟೆವು, ಮಾಯವಾಯಿತು. ಪಾಟರಿ ಟೌನ್‌ನಿಂದ ಮಣ್ಣಿನ ಬೋಗುಣಿ ತಂದೆವು, ನೀರು ತಣ್ಣಗೇ ಇರುತ್ತಿತ್ತು, ಬೀದಿ ಹಸು ಒದ್ದು ಒಡೆಯಿತು. ಈಗ ಯಾರೂ ಅಲ್ಲಾಡಿಸಲಾಗದ ಸಿಮೆಂಟ್ ತೊಟ್ಟಿ ಇದೆ. ದಿನಾ ಚೆಲ್ಲಿ, ತಿಕ್ಕಿ, ಹೊಸ ನೀರು ತುಂಬುತ್ತೇವೆ, ಇಲ್ಲದಿದ್ದರೆ ಡೆಂಗಿ ಸೊಳ್ಳೆಗೆ ನಾವೇ ಮನೆ ಕಟ್ಟಿಸಿಕೊಟ್ಟ ಹಾಗೆ. ಹಸು, ಕಾಗೆ, ಬೀದಿ ನಾಯಿ, ಒಂದು ಒಂಟಿಗಣ್ಣಿನ ಬೆಕ್ಕು ಎಲ್ಲರೂ ಅದರಲ್ಲೇ ಕುಡಿಯುತ್ತಾರೆ. ಒಳಗೆ ಗುಂಡನಿಗೆ ಫಿಲ್ಟರ್ ನೀರು, ಮೂರು ಕಡೆ ಸ್ಟೀಲ್ ಬಟ್ಟಲು. ಅವನು ಅದನ್ನು ಮೂಸಿ ನೋಡಿ, ಗೇಟ್ ತೆಗೆಯುವವರೆಗೆ ಕಾದು, ನೇರ ಹೋಗಿ ಆ ತೊಟ್ಟಿಗೆ ಬಾಯಿ ಹಾಕುತ್ತಾನೆ. ಎಳೆದರೆ ಬರುವುದಿಲ್ಲ. ಲಸಿಕೆ ಎಲ್ಲಾ ಸರಿಯಾಗಿ ಹಾಕಿಸಿದ್ದೇವೆ ಅನ್ನುವುದೊಂದೇ ಧೈರ್ಯ.